ಬಿಸಿನೀರಿನ ಬಕೆಟ್ಟಿನಲ್ಲಿ ಹವಳದ ಗಟ್ಟಿತನವನ್ನು ಅಳೆಯಬಹುದೇ?

ಪ್ರಶ್ನೆ: ನಾವು ಇರುವುದು ಅಮೆರಿಕದ ಹ್ಯೂಸ್ಟನ್‌ನಲ್ಲಿ. 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ಬಂದಾಗ ನಮ್ಮ ಬೀದಿಗೆ ಮೂರು ದಿನ ವಿದ್ಯುತ್ ಇರಲಿಲ್ಲ. ಮನೆಯಲ್ಲಿರುವ 300 ಲೀಟರಿನ ಕಡಲನೀರಿನ ಅಕ್ವೇರಿಯಂ 33 ಡಿಗ್ರಿ ಸೆಲ್ಸಿಯಸ್ ತಲುಪಿತು. ಎರಡನೆಯ ದಿನ ನಸುಕಿಗೆ ಎದ್ದು ನೋಡಿದರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಅಕ್ರೊಪೋರಾ ಎಂಬ ಕಲ್ಲು ಹವಳದ ಮೈಯೆಲ್ಲ ಸುಲಿದು ಬರಿಯ ಬಿಳಿ ಅಸ್ಥಿ ಉಳಿದಿತ್ತು. ಮಾಂಟಿಪೋರಾ ಎಂಬ ಇನ್ನೊಂದು ಕಲ್ಲು ಹವಳ ಅರ್ಧ ಸತ್ತಿತು. ಹವಳದ ಬಂಧುಗಳಾದ ಜೊವಾಂಥಿಡ್‌ಗಳು, ಅಣಬೆ ಹವಳ, ಲೆದರ್ ಹವಳಗಳಿಗೆ ಏನೂ ಆಗಲಿಲ್ಲ. ಈಗ ಟ್ಯಾಂಕನ್ನು ಮತ್ತೆ ತುಂಬಿಸುತ್ತಿದ್ದೇನೆ. ಹೊಸ ಹವಳಗಳ ಒಂದೊಂದು ತುಂಡನ್ನು ಹೀಟರ್ ಹಾಕಿದ ಬಕೆಟ್ಟಿನಲ್ಲಿ 33 ಡಿಗ್ರಿಯಲ್ಲಿಟ್ಟು, ಬದುಕಿದವನ್ನು ಮಾತ್ರ ಸಾಕಬೇಕೆಂದಿದ್ದೇನೆ. ಇದು ಸರಿಯಾದ ಪರೀಕ್ಷೆಯೇ? ಹೀಗೆ ಮಾಡಿದರೆ ಹವಳ ಶಾಖಕ್ಕೆ ಪಳಗುತ್ತದೆಯೇ?

ಉತ್ತರ: ವರ್ಷಗಟ್ಟಲೆ ಬೆಳೆಸಿದ ಹವಳ ಒಂದೇ ರಾತ್ರಿಯಲ್ಲಿ ಹೋಗುವುದನ್ನು ನಾನೂ ಕಂಡಿದ್ದೇನೆ. ಅದು ಸುಲಭವಾಗಿ ಮರೆಯುವ ದೃಶ್ಯವಲ್ಲ. ನೀವು ಸೂಕ್ಷ್ಮವಾಗಿ ಗಮನಿಸಿ ಬರೆದಿರುವುದರಿಂದಲೇ ಒಂದು ಮಾತನ್ನು ಮೊದಲಿಗೇ ಹೇಳಬಲ್ಲೆ. ನಿಮ್ಮ ಅಕ್ರೊಪೋರಾವನ್ನು ಕೊಂದದ್ದು ಬಹುಮಟ್ಟಿಗೆ ಶಾಖವಲ್ಲ, ಉಸಿರುಗಟ್ಟುವಿಕೆ.

ಸುಳಿವುಗಳು ನಿಮ್ಮ ಪತ್ರದಲ್ಲಿಯೇ ಇವೆ. ಶಾಖದಿಂದ ಬಳಲಿದ ಹವಳ ಸಾಮಾನ್ಯವಾಗಿ ಮೊದಲು ಬಿಳಿಚಿಕೊಳ್ಳುತ್ತದೆ. ಅದರ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಹವಳಕ್ಕೆ ಬೇಕಾದ ಆಹಾರದ ಹೆಚ್ಚಿನ ಪಾಲನ್ನು ಒದಗಿಸುತ್ತವೆ. ಅತಿಯಾದ ಶಾಖ ಮತ್ತು ಬೆಳಕು ಒಟ್ಟಿಗೆ ಬಿದ್ದಾಗ ಆ ಪಾಚಿಗಳ ದ್ಯುತಿಸಂಶ್ಲೇಷಣೆಯ ಯಂತ್ರ ಕೆಟ್ಟು, ಜೀವಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಆಗ ಹವಳ ಪಾಚಿಗಳನ್ನು ಹೊರಹಾಕುತ್ತದೆ. ಬಣ್ಣ ಹೋದರೂ ಚರ್ಮ ಗಾಜಿನಂತೆ ಪಾರದರ್ಶಕವಾಗಿ ಅಸ್ಥಿಯ ಮೇಲೆ ಉಳಿದಿರುತ್ತದೆ, ಹವಳವನ್ನು ಕಟ್ಟುವ ಪುಟ್ಟ ಜೀವಿಗಳಾದ ಪಾಲಿಪ್‌ಗಳು ಜೀವಂತವಾಗಿರುತ್ತವೆ. ನಿಮ್ಮಲ್ಲಿ ಹಾಗಾಗಲಿಲ್ಲ, ಚರ್ಮವೇ ಸುಲಿದುಹೋಯಿತು. ಅದೂ ಮೂರು ದಿನವೂ ದೀಪ ಉರಿಯದ ಟ್ಯಾಂಕಿನಲ್ಲಿ, ರಾತ್ರಿ ಮುಗಿಯುವ ಹೊತ್ತಿಗೆ, ಮೀನುಗಳು ನೀರಿನ ಮೇಲ್ಪದರದಲ್ಲಿ ಬಾಯಿ ತೆರೆಯುತ್ತಿದ್ದಾಗ. ಮೀನು ಹಾಗೆ ಮಾಡುವುದು ಗಾಳಿ ಸಾಲದಾದಾಗ.

25 ಡಿಗ್ರಿಯ ಕಡಲನೀರು ಲೀಟರಿಗೆ ಸುಮಾರು 6.8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 33 ಡಿಗ್ರಿಯಲ್ಲಿ ಅದು 6ರ ಆಸುಪಾಸಿಗೆ ಇಳಿಯುತ್ತದೆ. ಈ ಇಳಿಕೆಯೊಂದೇ ಆಗಿದ್ದರೆ ಹವಳ ಸಾಯುತ್ತಿರಲಿಲ್ಲ. ಆದರೆ ಶಾಖ ಏರಿದಂತೆ ಮೀನು, ಹವಳ, ಬಂಡೆಯೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಹೆಚ್ಚು ಉಸಿರಾಡುತ್ತವೆ. 10 ಡಿಗ್ರಿ ಏರಿದರೆ ಆಮ್ಲಜನಕದ ಬೇಡಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಪಂಪ್ ನಿಂತ ಮೇಲೆ ನೀರಿನ ಮೇಲ್ಮೈ ಕದಡುವುದಿಲ್ಲ, ಹೊರಗಿನ ಗಾಳಿ ಒಳಗಿಳಿಯುವುದಿಲ್ಲ. ದೀಪವಿಲ್ಲದ್ದರಿಂದ ಪಾಚಿಗಳೂ ಆಮ್ಲಜನಕವನ್ನು ಉತ್ಪಾದಿಸಲಿಲ್ಲ. ಇನ್ನೂ ಒಂದು ತೊಂದರೆಯಿದೆ. ಹವಳಕ್ಕೆ ಕಿವಿರುಗಳಿಲ್ಲ. ಅದರ ಮೈಗೆ ಅಂಟಿಕೊಂಡ ತೆಳುವಾದ ನಿಂತ ನೀರಿನ ಪದರವನ್ನು ಹರಿವು ಸತತವಾಗಿ ಬದಲಿಸುತ್ತಿದ್ದರೆ ಮಾತ್ರ ಅದು ಉಸಿರಾಡಬಲ್ಲದು. ಪನಾಮಾದ ಬೋಕಾಸ್ ದೆಲ್ ಟೋರೊ ಪ್ರದೇಶದ ಕೊಲ್ಲಿಯೊಂದರಲ್ಲಿ 2010ರಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಅಲ್ಲಿ ಆಮ್ಲಜನಕ ಕುಸಿದ ಆಳದಲ್ಲಿ ಹವಳಗಳು ಸಾಮೂಹಿಕವಾಗಿ ಸತ್ತವು, ಮೇಲಿನ ನೀರಿನಲ್ಲಿದ್ದವು ಉಳಿದುಕೊಂಡವು.

ಹಾಗಾದರೆ ನಿಮ್ಮ ಜೊವಾಂಥಿಡ್‌ಗಳು ಗಟ್ಟಿಯಲ್ಲವೇ? ಉಸಿರುಗಟ್ಟುವ ಪರಿಸ್ಥಿತಿಗೆ ಖಂಡಿತ ಗಟ್ಟಿ. ಇಳಿತದಲ್ಲಿ ಬಂಡೆಗುಂಡಿಗಳಲ್ಲಿ ಸಿಕ್ಕಿಕೊಂಡು, ಮುದುಡಿ, ಉಬ್ಬರ ಬರುವವರೆಗೆ ಕಾಯುವ ಜೀವಿಗಳ ಕುಲ ಅದು. ಆದರೆ ಸಂಕಟ ಬೇರೆಯಾದರೆ ಗಟ್ಟಿಗರ ಸಾಲೂ ಬೇರೆಯಾಗುತ್ತದೆ. 1988ರ ಹೊಸವರ್ಷದ ಹೊತ್ತಿಗೆ ಹವಾಯಿಯ ಕಾನೆಓಹೆ ಕೊಲ್ಲಿಗೆ ಭಾರೀ ಮಳೆಯ ಸಿಹಿನೀರು ನುಗ್ಗಿತು. ಪೊಸಿಲ್ಲೊಪೋರಾ ಎಂಬ ಕವಲು ಹವಳ ಕೂಡಲೇ ಸತ್ತಿತು. ಅಲ್ಲಿಯ ಪೊರೈಟಿಸ್ ಹವಳವೂ ಮೇಲುನೋಟಕ್ಕೆ ಪೂರ್ತಿ ಸತ್ತಂತೆಯೇ ಇತ್ತು. ಆದರೆ ಅದರ ಅಸ್ಥಿ ಸ್ಪಂಜಿನ ಹಾಗೆ ರಂಧ್ರಮಯ. ಆ ರಂಧ್ರಗಳೊಳಗೆ ಅಡಗಿದ್ದ ಅಂಗಾಂಶದಿಂದ ಅದು ಮತ್ತೆ ಮೈದುಂಬಿಕೊಂಡಿತು. ಮೊದಲ ವಾರವೇ ಎಣಿಕೆ ಮಾಡಿ ಕಡತ ಮುಚ್ಚಿದ್ದರೆ ಎರಡನ್ನೂ ಸತ್ತವುಗಳ ಪಟ್ಟಿಗೇ ಸೇರಿಸಬೇಕಾಗುತ್ತಿತ್ತು. ಹವಳದ ತಾಳಿಕೆಯನ್ನು ಅಳೆಯಬೇಕಾದ ದಿನ ಸಂಕಟದ ದಿನವಲ್ಲ, ಅದು ಕಳೆದು ತಿಂಗಳಾದ ಮೇಲಿನ ದಿನ. ನಿಮ್ಮ ಬಕೆಟ್ ಪರೀಕ್ಷೆಗೆ ನನ್ನ ಮುಖ್ಯ ಆಕ್ಷೇಪ ಇದೇ.

ಬಿಸಿನೀರಿನಲ್ಲಿ ಹವಳವನ್ನಿಟ್ಟು ನೋಡುವ ಯೋಚನೆ ಮಾತ್ರ ಹೊಸದಲ್ಲ, ಕೆಟ್ಟದ್ದೂ ಅಲ್ಲ. ಆಲ್‌ಫ್ರೆಡ್ ಮೇಯರ್ ಎಂಬ ವಿಜ್ಞಾನಿ ನೂರು ವರ್ಷಕ್ಕೂ ಹಿಂದೆ ಫ್ಲಾರಿಡಾದ ಡ್ರೈ ಟೊರ್ಟುಗಾಸ್ ದ್ವೀಪಗಳ ಪ್ರಯೋಗಾಲಯದಲ್ಲಿ ಇದನ್ನು ಮಾಡಿದರು. ಉಷ್ಣವಲಯದ ಹವಳಗಳು ತಮ್ಮ ಮರಣದ ಉಷ್ಣತೆಗೆ ಕೆಲವೇ ಡಿಗ್ರಿಗಳಷ್ಟು ಸಮೀಪದಲ್ಲಿ ಬದುಕುತ್ತಿವೆ ಎಂದು 1914ರಷ್ಟು ಹಿಂದೆಯೇ ಬರೆದರು. 1928–29ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನ ಲೋ ಐಲ್ಸ್‌ಗೆ ಹೋದ ತಂಡದಲ್ಲಿದ್ದ ಯಂಗ್ ಮತ್ತು ನಿಕೋಲ್ಸ್, ಬಿಸಿ ತಾಗಿದ ಹವಳ ತನ್ನ ಪಾಚಿಗಳನ್ನು ಹೊರಹಾಕುವುದನ್ನು ದಾಖಲಿಸಿದರು. 1976ರಲ್ಲಿ ಕೋಲ್ಸ್, ಜೋಕಿಯಲ್ ಮತ್ತು ಲೂಯಿಸ್ ಹವಾಯಿಯ ಹವಳಗಳನ್ನೂ ಅದಕ್ಕಿಂತ ಬೆಚ್ಚಗಿನ ಎನಿವೆಟಾಕ್ ಹವಳದ್ವೀಪದ ಹವಳಗಳನ್ನೂ ಹೋಲಿಸಿ ನೋಡಿದರು. ಎನಿವೆಟಾಕ್‌ನವು ಸುಮಾರು 2 ಡಿಗ್ರಿ ಹೆಚ್ಚು ತಾಳಿದವು. ಎರಡೂ ಊರಿನ ಬೇಸಿಗೆಯ ನೀರಿಗೆ ಇರುವ ಅಂತರವೂ ಸುಮಾರು ಅಷ್ಟೇ.

ಈ ಕೊನೆಯ ಫಲಿತಾಂಶವನ್ನು ಸಾಕುವವರೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳಬೇಕು. 33 ಡಿಗ್ರಿ ಎಂಬ ಅಂಕಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಅಬುಧಾಬಿಯ ಕರಾವಳಿಯ ಹವಳಗಳು ಬೇಸಿಗೆಯಲ್ಲಿ 34–35 ಡಿಗ್ರಿಯ ನೀರಿನಲ್ಲಿ ಬದುಕುತ್ತವೆ. ಅಮೆರಿಕನ್ ಸಮೋವಾದ ಓಫು ದ್ವೀಪದ ಒಂದು ಆಳವಿಲ್ಲದ ಕೊಳದಲ್ಲಿ, ಬೇಸಿಗೆಯ ಇಳಿತದ ಮಧ್ಯಾಹ್ನ, ನೀರು ಕೆಲವು ತಾಸು 34 ಡಿಗ್ರಿಯನ್ನೂ ದಾಟುತ್ತದೆ. ಅಲ್ಲಿಯೂ ಅಕ್ರೊಪೋರಾ ಇದೆ. ನೀವು ಅಂಗಡಿಯಿಂದ ತರುವ ಅಕ್ರೊಪೋರಾ ಹಲವು ತಲೆಮಾರುಗಳಿಂದ ತುಂಡಾಗಿ, ಮತ್ತೆ ತುಂಡಾಗಿ, ದೀಪದಡಿಯಲ್ಲಿ 25–26 ಡಿಗ್ರಿಯ ತೊಟ್ಟಿಯಲ್ಲಿ ಬೆಳೆದದ್ದಿರಬಹುದು. ಅದಕ್ಕೆ 33 ಎಂದರೆ ತನ್ನ ಲೋಕಕ್ಕಿಂತ 7–8 ಡಿಗ್ರಿ ಮೇಲೆ. ಹಾಗಾಗಿ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಇದು ಎಷ್ಟು ಡಿಗ್ರಿಯಲ್ಲಿ, ಎಷ್ಟು ವರ್ಷದಿಂದ ಬೆಳೆದಿದೆ?

ಇಂದಿನ ಪ್ರಯೋಗಾಲಯಗಳು ಹೇಗೆ ಪರೀಕ್ಷಿಸುತ್ತವೆ ಎಂಬುದಕ್ಕೆ ಬರೋಣ. ಡ್ಯಾನ್ ಬಾರ್ಶಿಸ್, ಕ್ರಿಶ್ಚಿಯನ್ ವೂಲ್‌ಸ್ಟ್ರಾ ಮತ್ತು ಸಂಗಡಿಗರು ರೂಪಿಸಿದ ಸೀಬಾಸ್ ಎಂಬ ವ್ಯವಸ್ಥೆ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ದೋಣಿಯ ಮೇಲೂ ಇಡಬಹುದಾದ ಚಿಕ್ಕ ತೊಟ್ಟಿಗಳು ಅವು. ಒಂದೇ ಹವಳದ ತುಂಡುಗಳನ್ನು ನಾಲ್ಕು ಉಷ್ಣತೆಗಳಲ್ಲಿ ಇಡುತ್ತಾರೆ: ಆ ಜಾಗದ ಬೇಸಿಗೆಯ ಸರಾಸರಿ ಒಂದು, ಅದಕ್ಕಿಂತ 3, 6 ಮತ್ತು 9 ಡಿಗ್ರಿ ಹೆಚ್ಚಿನವು ಇನ್ನು ಮೂರು. ಮಧ್ಯಾಹ್ನ ಮೂರು ತಾಸಿನಲ್ಲಿ ಶಾಖ ಏರಿಸಿ, ಮೂರು ತಾಸು ಹಿಡಿದು, ಒಂದು ತಾಸಿನಲ್ಲಿ ಇಳಿಸಿ, ರಾತ್ರಿಯಿಡೀ ಸುಧಾರಿಸಿಕೊಳ್ಳಲು ಬಿಡುತ್ತಾರೆ. ಒಟ್ಟು 18 ತಾಸು. ಕತ್ತಲಿನಲ್ಲಿಟ್ಟ ಹವಳಕ್ಕೆ ಬೆಳಕಿನ ಒಂದು ಮಿಡಿತವನ್ನು ಕೊಟ್ಟು, ಪಾಚಿಗಳ ದ್ಯುತಿಸಂಶ್ಲೇಷಣೆ ಎಷ್ಟು ಸುಸ್ಥಿತಿಯಲ್ಲಿದೆ ಎಂಬುದನ್ನು ಪ್ಯಾಮ್ ಫ್ಲೋರೋಮೀಟರ್ ಎಂಬ ಉಪಕರಣದಿಂದ ಅಳೆಯುತ್ತಾರೆ. ಆರೋಗ್ಯವಂತ ಹವಳದಲ್ಲಿ ಆ ಸಂಖ್ಯೆ 0.6ರಿಂದ 0.7ರ ನಡುವೆ ಇರುತ್ತದೆ. ಯಾವ ಉಷ್ಣತೆಯಲ್ಲಿ ಅದು ಅರ್ಧಕ್ಕೆ ಕುಸಿಯುತ್ತದೋ ಅದೇ ಆ ಹವಳದ ಅಂಕ. ಗಮನಿಸಿ, ಅವರು ಹವಳ ಸಾಯುವವರೆಗೆ ಕಾಯುವುದಿಲ್ಲ. ಎಲ್ಲ ತೊಟ್ಟಿಗಳಿಗೂ ನೀರಿನ ಹರಿವು ಒಂದೇ, ಬೆಳಕು ಒಂದೇ. ಶಾಖ ಏರಿಸದ ತೊಟ್ಟಿಯೊಂದು ಸಾಕ್ಷಿಯಾಗಿ ಪಕ್ಕದಲ್ಲಿಯೇ ಇರುತ್ತದೆ.

ನಿಮ್ಮ ಯೋಜನೆಯಲ್ಲಿ ಆ ಸಾಕ್ಷಿ ಬಕೆಟ್ ಇಲ್ಲ. ನಿಂತ ನೀರಿನ ಚಿಕ್ಕ ಬಕೆಟ್ಟಿನಲ್ಲಿ ಅಮೋನಿಯಾ ಏರುತ್ತದೆ, ನೀರು ಆವಿಯಾಗಿ ಉಪ್ಪು ಹೆಚ್ಚುತ್ತದೆ, ಆಮ್ಲಜನಕ ಕುಸಿಯುತ್ತದೆ. ಹವಳ ಸತ್ತರೆ ಇವುಗಳಲ್ಲಿ ಯಾವುದು ಕೊಂದಿತು ಎಂದು ಹೇಳಲಾಗುವುದಿಲ್ಲ. ನನ್ನ ಆರಂಭದ ದಿನಗಳಲ್ಲಿ ಒಂದು ಕಡಲನೀರಿನ ಪ್ರಯೋಗಶಾಲೆಯಲ್ಲಿ ನಾವು ವಾರವಿಡೀ ನಡೆಸಿದ ಶಾಖಪರೀಕ್ಷೆಯಲ್ಲಿ, ಬಿಸಿ ಮಾಡದ ತೊಟ್ಟಿಯ ತುಂಡುಗಳೂ ಸುಲಿಯತೊಡಗಿದವು. ತುಂಡರಿಸಿ ಎರಡೇ ದಿನಕ್ಕೆ ಪರೀಕ್ಷೆಗೆ ಇಳಿಸಿದ್ದೆವು, ಗಾಯ ಮಾಯಲು ಬಿಟ್ಟಿರಲಿಲ್ಲ. ಸಾಕ್ಷಿ ತೊಟ್ಟಿ ಇಲ್ಲದಿದ್ದರೆ ಇಡೀ ತಪ್ಪನ್ನು ಶಾಖದ ಮೇಲೆ ಹೊರಿಸಿಬಿಡುತ್ತಿದ್ದೆವು.

18 ತಾಸಿನ ಪರೀಕ್ಷೆಗೂ ಮಿತಿಯಿದೆ. ಕಡಲಿನಲ್ಲಿ ಹವಳವನ್ನು ಬಳಲಿಸುವುದು ಒಂದು ಮಧ್ಯಾಹ್ನದ 6 ಡಿಗ್ರಿಯಲ್ಲ, ವಾರಗಟ್ಟಲೆ ಇಳಿಯದ 1 ಡಿಗ್ರಿ. ಕಡಲು ಮತ್ತು ಹವಾಮಾನವನ್ನು ಗಮನಿಸುವ ಅಮೆರಿಕದ ನೋವಾ (NOAA) ಸಂಸ್ಥೆ ಉಪಗ್ರಹಗಳ ಮೂಲಕ ಇದನ್ನು ಲೆಕ್ಕ ಹಾಕುತ್ತದೆ. ಒಂದು ಜಾಗದ ಅತ್ಯಂತ ಬೆಚ್ಚಗಿನ ತಿಂಗಳ ಸರಾಸರಿಗಿಂತ 1 ಡಿಗ್ರಿ ಹೆಚ್ಚಿನ ಶಾಖ ನಾಲ್ಕು ವಾರ ಉಳಿದರೆ ಅದು 4 ಡಿಗ್ರಿ-ವಾರ. ಅಷ್ಟಕ್ಕೆ ಹವಳಗಳು ಗಣನೀಯವಾಗಿ ಬಿಳಿಚುತ್ತವೆ, 8 ದಾಟಿದರೆ ಸಾವು ವ್ಯಾಪಕವಾಗುತ್ತದೆ. ಮನೆಯ ಟ್ಯಾಂಕಿಗೂ ಈ ಲೆಕ್ಕ ಹೊಂದುತ್ತದೆ. ಒಂದು ದಿನದ 30 ಡಿಗ್ರಿಗೆ ಜನ ಗಾಬರಿಯಾಗುತ್ತಾರೆ. ಬೇಸಿಗೆಯಿಡೀ ಹವಾನಿಯಂತ್ರಣವನ್ನು ತಗ್ಗಿಸಿಟ್ಟು ಎರಡು ತಿಂಗಳು 29 ಡಿಗ್ರಿಯಲ್ಲಿ ನಡೆಸುವುದು ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಈ ಎರಡನೆಯದು.

ಪಳಗುತ್ತದೆಯೇ ಎಂದು ಕೇಳಿದ್ದೀರಿ. ಒಂದು ಮಟ್ಟಿಗೆ ಹೌದು. ಓಫುವಿನಲ್ಲಿ ಜೀವವಿಜ್ಞಾನಿ ಸ್ಟೀಫನ್ ಪಲುಂಬಿ ಅವರ ತಂಡ, ತಂಪಾದ ಕೊಳದ ಅಕ್ರೊಪೋರಾವನ್ನು ಬಿಸಿ ಕೊಳಕ್ಕೆ ಸ್ಥಳಾಂತರಿಸಿ ನೋಡಿತು. ಎರಡು ವರ್ಷದೊಳಗೆ ಅವುಗಳ ತಾಳಿಕೆ ಗಮನಾರ್ಹವಾಗಿ ಹೆಚ್ಚಿತ್ತು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇತ್ತು: ಆ ಜಾಗದಲ್ಲಿಯೇ ಹುಟ್ಟಿ ಬೆಳೆದ ಹವಳಗಳ ಮಟ್ಟವನ್ನು ಸ್ಥಳಾಂತರಗೊಂಡವು ಪೂರ್ತಿಯಾಗಿ ಮುಟ್ಟಲಿಲ್ಲ. ಫ್ಲಾರಿಡಾದಲ್ಲಿ ಜಿಂಕೆಕೊಂಬಿನ ಹವಳವನ್ನು ಸುಮಾರು ಮೂರು ತಿಂಗಳು ಪ್ರತಿದಿನ ಏರಿಳಿಯುವ ಉಷ್ಣತೆಯಲ್ಲಿ ಬೆಳೆಸಿದಾಗ, ಆಮೇಲಿನ ಶಾಖಪರೀಕ್ಷೆಯಲ್ಲಿ ಅದು ತಡವಾಗಿ ಬಿಳಿಚಿತು. ಎರಡರಲ್ಲಿಯೂ ಪಳಗಿಸಿದ್ದು ಸಹಿಸಬಹುದಾದ ಏರಿಳಿತ, ಅದೂ ತಿಂಗಳುಗಟ್ಟಲೆ. ಒಂದೇ ಸಲ 33 ಡಿಗ್ರಿಗೆ ಇಳಿಸಿದರೆ ಹವಳ ಏನನ್ನೂ ಕಲಿಯುವುದಿಲ್ಲ, ಗಾಯಗೊಳ್ಳುತ್ತದೆ ಅಷ್ಟೇ.

ಪಳಗಿದ್ದಕ್ಕೂ ಒಂದು ಗಡಿಯಿದೆ. 2023ರ ಬೇಸಿಗೆಯಲ್ಲಿ ಫ್ಲಾರಿಡಾ ಕೀಸ್‌ನ ನೀರು ದಾಖಲೆ ಮೀರಿ ಬಿಸಿಯಾದಾಗ, ಕಡಲಿನ ನರ್ಸರಿಗಳಲ್ಲಿ ಬೆಳೆಸಿದ್ದ ಹವಳಗಳನ್ನು ಕೈಯಲ್ಲಿ ಹೊತ್ತು ದಡದ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ಕೀಸ್ ಮತ್ತು ಡ್ರೈ ಟೊರ್ಟುಗಾಸ್‌ನ ಕಡಲಿನಲ್ಲಿಯೇ ಉಳಿದ ಎರಡು ಜಾತಿಯ ಅಕ್ರೊಪೋರಾ ಹೆಚ್ಚುಕಡಿಮೆ ಸಂಪೂರ್ಣ ನಾಶವಾದವು. ಮೇಯರ್ ತಮ್ಮ ಪ್ರಯೋಗಗಳನ್ನು ನಡೆಸಿದ್ದು ಇದೇ ಡ್ರೈ ಟೊರ್ಟುಗಾಸ್‌ನಲ್ಲಿ. ಆ ಸುದ್ದಿ ಓದಿದ ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಗಟ್ಟಿತನಕ್ಕೆ ಹವಳ ತೆರುವ ಬೆಲೆಯೂ ಇದೆ. ಡುರುಸ್ಡಿನಿಯಂ ಎಂಬ ಗುಂಪಿನ ಪಾಚಿಯನ್ನು ಇರಿಸಿಕೊಂಡ ಹವಳ ಸುಮಾರು 1ರಿಂದ 1.5 ಡಿಗ್ರಿ ಹೆಚ್ಚು ತಾಳಬಲ್ಲದು, ಆದರೆ ಎಷ್ಟೋ ವೇಳೆ ನಿಧಾನವಾಗಿ ಬೆಳೆಯುತ್ತದೆ. ನಿಮ್ಮ ಬಕೆಟ್ ಪರೀಕ್ಷೆ ಆರಿಸಿಕೊಡುವ ಹವಳ, ಉಳಿದ 362 ದಿನಗಳೂ ಬೆಳೆಯದೆ ಪಾಚಿ ಮುಸುಕಿ ಕುಳಿತಿರುವ ಹವಳವಾಗಿರಬಹುದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಜೊವಾಂಥಿಡ್‌ಗಳನ್ನು, ಅದರಲ್ಲಿಯೂ ಪಾಲಿಥೋವಾ ಎಂಬ ಬಗೆಯನ್ನು, ಯಾವ ಕಾರಣಕ್ಕೂ ಬಿಸಿನೀರಿನ ಪ್ರಯೋಗಕ್ಕೆ ಒಡ್ಡಬೇಡಿ. ಅವು ಅಂಟಿರುವ ಬಂಡೆಯನ್ನು ಕುದಿಸಬೇಡಿ, ಕುದಿನೀರು ಸುರಿಯಬೇಡಿ, ಉಜ್ಜಿ ಕೆರೆಯಬೇಡಿ. ಅವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಅತ್ಯುಗ್ರ ವಿಷವನ್ನು ಹೊಂದಿರುತ್ತವೆ. ಹಬೆಯೊಂದಿಗೆ ಅದು ಉಸಿರಿಗೆ ಸೇರಿ, ಮನೆಮಂದಿಯೆಲ್ಲ ಉಸಿರಾಟದ ತೊಂದರೆ ಮತ್ತು ಜ್ವರದಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ನಡೆದಿವೆ. ಅವುಗಳನ್ನು ಮುಟ್ಟುವಾಗ ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳಿರುವ ಮನೆಯಾದರೆ ಇನ್ನೂ ಜಾಗ್ರತೆ.

ಇಷ್ಟಾದ ಮೇಲೂ ಅಕ್ರೊಪೋರಾದಂಥ ಕಲ್ಲು ಹವಳಗಳನ್ನು ಪರೀಕ್ಷಿಸಬೇಕೆಂದಿದ್ದರೆ ನಾನು ಹೀಗೆ ಮಾಡುತ್ತೇನೆ. ಒಂದೇ ತಾಯಿಹವಳದಿಂದ ಆರು ತುಂಡು ತೆಗೆದು, ಗಾಯದ ಅಂಚಿನ ಮೇಲೆ ಹೊಸ ಅಂಗಾಂಶ ಹಬ್ಬುವವರೆಗೆ ಮೂರು ನಾಲ್ಕು ವಾರ ಮುಖ್ಯ ಟ್ಯಾಂಕಿನಲ್ಲಿಯೇ ಬಿಡುತ್ತೇನೆ. ಆಮೇಲೆ ಒಂದೇ ಅಳತೆಯ ಎರಡು ಚಿಕ್ಕ ಟ್ಯಾಂಕ್‌ಗಳಲ್ಲಿ ಮೂರು ಮೂರು ತುಂಡು. ಎರಡಕ್ಕೂ ಒಂದೇ ದೀಪ, ಒಂದೇ ಪಂಪ್, ಗಾಳಿಗುಳ್ಳೆ ಹೊರಡಿಸುವ ಕಲ್ಲು, ಮುಖ್ಯ ಟ್ಯಾಂಕಿನಿಂದಲೇ ದಿನವೂ ಬದಲಿಸುವ ನೀರು. ಆವಿಯಾದಷ್ಟಕ್ಕೆ ಶುದ್ಧ ಸಿಹಿನೀರು ಸೇರಿಸಿ ಲವಣಾಂಶವನ್ನು ಸಾವಿರಕ್ಕೆ 35 ಭಾಗದಲ್ಲಿಯೇ ನಿಲ್ಲಿಸುವುದು ಮುಖ್ಯ. ಒಂದು ಟ್ಯಾಂಕ್ 26ರಲ್ಲಿಯೇ ಇರುತ್ತದೆ. ಇನ್ನೊಂದನ್ನು ದಿನಕ್ಕೆ ಅರ್ಧ ಡಿಗ್ರಿಯಂತೆ 30ಕ್ಕೆ ಏರಿಸಿ, ಒಂದು ವಾರ ಹಿಡಿದು, ಅದೇ ವೇಗದಲ್ಲಿ ಇಳಿಸುತ್ತೇನೆ. ಮೂವತ್ತಕ್ಕಿಂತ ಮೇಲೆ ಹೋಗುವುದಿಲ್ಲ. ನಮಗೆ ಬೇಕಾದುದು ಹವಳಗಳ ನಡುವಿನ ವ್ಯತ್ಯಾಸ, ಅದು ಅಷ್ಟರಲ್ಲಿಯೇ ಕಾಣುತ್ತದೆ. ಹಗಲೆಲ್ಲ ಪಾಲಿಪ್ ಹೊರಬರದಿದ್ದರೆ, ಲೋಳೆ ಎಳೆಎಳೆಯಾಗಿ ಇಳಿದರೆ, ಬಿಳಿ ದಾರದಂಥ ಕರುಳಿನ ಎಳೆಗಳು ಹೊರಚಾಚಿದರೆ ಅಂದೇ ಶಾಖ ಇಳಿಸಬೇಕು. ಬುಡದಿಂದ ಚರ್ಮ ಏಳತೊಡಗಿದ ತುಂಡನ್ನು ತಕ್ಷಣ ಬೇರ್ಪಡಿಸಬೇಕು. ಅಕ್ರೊಪೋರಾದಲ್ಲಿ ಅದು ಪಕ್ಕದ ತುಂಡುಗಳಿಗೂ ಹಬ್ಬಬಹುದು.

ಪರೀಕ್ಷೆಯ ನಿಜವಾದ ಭಾಗ ಶುರುವಾಗುವುದು ಆಮೇಲೆ. ಆರು ವಾರ ಕಾಯಬೇಕು. ಪ್ಯಾಮ್ ಉಪಕರಣ ಮನೆಗೆ ಎಟುಕದ ವಸ್ತು, ಆದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕೋರಲ್‌ವಾಚ್ ಎಂಬ ಬಣ್ಣದ ಪಟ್ಟಿಯಿದೆ. ವಾರಕ್ಕೊಮ್ಮೆ ಅದೇ ದೀಪದಡಿ, ಅದೇ ಹೊತ್ತಿಗೆ ಹವಳದ ಬಣ್ಣವನ್ನು ಪಟ್ಟಿಗೆ ಹೊಂದಿಸಿ ಬರೆದಿಡಿ. ಚಿಕ್ಕ ತಕ್ಕಡಿಯ ಕೆಳಗೆ ದಾರ ಕಟ್ಟಿ, ತುಂಡನ್ನು ನೀರಿನೊಳಗೆ ತೂಗುಬಿಟ್ಟು ತೂಗಿದರೆ ಅಸ್ಥಿ ಎಷ್ಟು ಬೆಳೆದಿದೆ ಎಂಬುದೂ ತಿಳಿಯುತ್ತದೆ. ಇದು ಪ್ರಯೋಗಾಲಯಗಳೂ ಬಳಸುವ ಹಳೆಯ, ನಂಬಲರ್ಹ ವಿಧಾನ. ಬಣ್ಣ ಮರಳಿ, ತೂಕವೂ ಏರಿದ ಹವಳವನ್ನು ಧೈರ್ಯವಾಗಿ ಗಟ್ಟಿ ಎನ್ನಿ.

ಆದರೆ ನನ್ನ ಮಾತು ಕೇಳುವುದಾದರೆ ಮೊದಲ ಖರ್ಚು ಈ ಪರೀಕ್ಷೆಗಲ್ಲ, ಬ್ಯಾಟರಿಯಿಂದ ನಡೆಯುವ ಗಾಳಿಪಂಪಿಗೆ ಇರಲಿ. ವಿದ್ಯುತ್ ಹೋದಾಕ್ಷಣ ತಾನೇ ಚಾಲೂ ಆಗುವಂಥದ್ದು ಎರಡು ಇರಲಿ, ಮೂರು ದಿನಕ್ಕಾಗುವಷ್ಟು ಬ್ಯಾಟರಿಯೂ ಇರಲಿ. ಆ ಮೂರು ದಿನ ಮೀನಿಗೆ ಆಹಾರ ಹಾಕಬೇಡಿ. ಮುಚ್ಚಳ ತೆಗೆದು, ಮೇಲ್ಮೈಗೆ ಗಾಳಿ ಬೀಸುವ ಚಿಕ್ಕ ಬ್ಯಾಟರಿ ಫ್ಯಾನ್ ಇಟ್ಟರೆ ಆವಿಯಾಗುವಿಕೆಯಿಂದ ಒಂದೆರಡು ಡಿಗ್ರಿ ಇಳಿಯುತ್ತದೆ. ವಿದ್ಯುತ್ ಮರಳಿದ ಮೇಲೆ ದೀಪಗಳನ್ನು ಒಮ್ಮೆಲೇ ಪೂರ್ತಿ ಉರಿಸಬೇಡಿ. ಬಳಲಿದ ಪಾಚಿಗೆ ಆ ಬೆಳಕೇ ಎರಡನೆಯ ಪೆಟ್ಟು. ಮೂರನೇ ಒಂದು ಭಾಗದಿಂದ ಆರಂಭಿಸಿ ಹತ್ತು ದಿನದಲ್ಲಿ ಮೊದಲಿನ ಮಟ್ಟಕ್ಕೆ ತನ್ನಿ. ಚಂಡಮಾರುತಗಳ ಋತು ಜೂನ್ 1ಕ್ಕೆ ಆರಂಭವಾಗುತ್ತದೆ, ಅಷ್ಟರೊಳಗೆ ಇವು ಮನೆಯಲ್ಲಿರಲಿ.

ಇದನ್ನು ಓದುವ ಕರ್ನಾಟಕದ ಗೆಳೆಯರಿಗೆ ಒಂದು ಮಾತು. ಮೇಲೆ ಹೇಳಿದ ಪರೀಕ್ಷೆ ಭಾರತದ ಮನೆಗಳಿಗೆ ಅನ್ವಯಿಸುವುದಿಲ್ಲ. ಬಂಡೆ ಕಟ್ಟುವ ಎಲ್ಲ ಕಲ್ಲು ಹವಳಗಳೂ, ಕಡಲ ಬೀಸಣಿಗೆಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅಲ್ಲಿ ಮುಳುಗಿದಾಗ ಸತ್ತಂತೆ ಕಾಣುವ ತುಂಡನ್ನೂ ಎತ್ತಿ ತರಬೇಡಿ.

ಕೊನೆಗೆ ನಿಮ್ಮ ಅರ್ಧ ಸತ್ತ ಮಾಂಟಿಪೋರಾ. ದಯವಿಟ್ಟು ಅದನ್ನು ಎಸೆಯಬೇಡಿ, ಸತ್ತ ಭಾಗವನ್ನು ಕತ್ತರಿಸಲೂ ಹೋಗಬೇಡಿ. ಅದರ ಅಸ್ಥಿಯೂ ಪೊರೈಟಿಸ್‌ನಂತೆ ರಂಧ್ರಮಯ. ಬೆಳಕು ಸ್ವಲ್ಪ ಕಡಿಮೆ, ಹರಿವು ಹೆಚ್ಚು ಇರುವ ಜಾಗಕ್ಕೆ ಸರಿಸಿ. ಬರಿದಾದ ಅಸ್ಥಿಯ ಮೇಲಿನ ಪಾಚಿಯನ್ನು ವಾರಕ್ಕೊಮ್ಮೆ ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ, ಜೀವಂತ ಅಂಚಿಗೆ ತಾಗದಂತೆ, ತೆಗೆಯಿರಿ. ಅಂಚಿನಲ್ಲಿ ತೆಳುವಾದ ಬಿಳಿ ಗೆರೆ ಕಂಡರೆ ಅದು ಹೊಸ ಬೆಳವಣಿಗೆಯಾಗಿರಬಹುದು. ಅದರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಗುರುತು ಹಾಕಿ, ತಿಂಗಳು ಬಿಟ್ಟು ಗೆರೆ ಎಷ್ಟು ಮುಂದೆ ಬಂದಿದೆ ಎಂದು ಬರೆದು ಕಳುಹಿಸಿ.